ಹೊಸ ಸೆಡಾನೋ, ಮೂರು ವರ್ಷ ಓಡಿದ್ದೋ? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋಂಡಾ ಸಿಟಿ, ಹ್ಯುಂಡೈ ವೆರ್ನಾ, ಫೋಕ್ಸ್‌ವ್ಯಾಗನ್ ವರ್ಟಸ್, ಸ್ಕೋಡಾ ಸ್ಲಾವಿಯಾ, ಮಾರುತಿ ಸಿಯಾಜ್ ಸಾಲಿನ ಮಧ್ಯಮ ಗಾತ್ರದ ಸೆಡಾನ್‌ಗಳ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಉತ್ತರಿಸಿದ್ದೇವೆ.

ಐದು ಜನರ ಸಂಸಾರ, ವರ್ಷಕ್ಕೆ ಹತ್ತು ಹನ್ನೆರಡು ಸಾವಿರ ಕಿ.ಮೀ. ಓಡಾಟ. ಕೈಯಲ್ಲಿ 14 ಲಕ್ಷ ರೂಪಾಯಿ ಇದೆ. ಹೊಸದರ ಬೇಸ್ ಮಾಡೆಲ್ ತೆಗೆದುಕೊಳ್ಳುವುದೋ, ಮೂರು ವರ್ಷ ಓಡಿದ ಟಾಪ್ ಮಾಡೆಲ್ಲೋ?
– ದಾವಣಗೆರೆಯ ಓದುಗರು

ಗಾಡಿಯನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ ಎಂಬುದನ್ನು ಮೊದಲು ಮನೆಯಲ್ಲಿ ಕೂತು ತೀರ್ಮಾನಿಸಿ. ಎಂಟು ಹತ್ತು ವರ್ಷ ಓಡಿಸುವವರಿಗೆ ಹೊಸದೇ ಲೇಸು. ನಾಲ್ಕೈದು ವರ್ಷಕ್ಕೆ ಬದಲಾಯಿಸುವವರಾದರೆ ಮೂರು ವರ್ಷ ಹಳೆಯದಕ್ಕೆ ಹೋಗಿ, ಏಕೆಂದರೆ ಬೆಲೆ ಜೋರಾಗಿ ಇಳಿಯುವ ಕಾಲವನ್ನು ಮೊದಲ ಮಾಲೀಕರು ಆಗಲೇ ದಾಟಿಸಿರುತ್ತಾರೆ.

ನಮ್ಮ ರಾಜ್ಯದಲ್ಲಿ ಈ ವ್ಯತ್ಯಾಸ ಇನ್ನಷ್ಟು ದೊಡ್ಡದು. ಕಾರಣ ಆಜೀವ ತೆರಿಗೆ. 10ರಿಂದ 20 ಲಕ್ಷದ ಕಾರಿಗೆ ಶೇ 17 ತೆರಿಗೆ, ಆ ತೆರಿಗೆಯ ಮೇಲೆ ಶೇ 11 ಉಪಕರ, ಒಟ್ಟು ಶೇ 18.87. ಎಕ್ಸ್‌ಶೋರೂಂ ಬೆಲೆ 12 ಲಕ್ಷವಾದರೆ 2,26,440 ರೂಪಾಯಿ ಇದಕ್ಕೇ ಹೋಗುತ್ತದೆ. ಕರ್ನಾಟಕದಲ್ಲೇ ನೋಂದಣಿಯಾದ ಹಳೆಯ ಕಾರು ಕೊಂಡರೆ ಈ ತೆರಿಗೆಯನ್ನು ನೀವು ಮತ್ತೆ ಕಟ್ಟುವಂತಿಲ್ಲ, ಹೆಸರು ಬದಲಾವಣೆಯ ಶುಲ್ಕ ಮಾತ್ರ.

ಜಿಎಸ್‌ಟಿ ವಿಚಾರದಲ್ಲಿ ಹಲವರಿಗೆ ಗೊಂದಲವಿದೆ. 2025ರ ಸೆಪ್ಟೆಂಬರ್ 22ರಿಂದ ಶೇ 18ರ ದರ ಬಂದದ್ದು ನಾಲ್ಕು ಮೀಟರ್ ಒಳಗಿನ, ಪೆಟ್ರೋಲ್ ಆದರೆ ಎಂಜಿನ್ 1200 ಸಿಸಿ ಮೀರದ ಸಣ್ಣ ಕಾರುಗಳಿಗೆ; ದೊಡ್ಡವಕ್ಕೆ ಶೇ 40. ವರ್ಟಸ್, ಸ್ಲಾವಿಯಾದ 1.0 ಲೀಟರ್ ಎಂಜಿನ್ 1200 ಸಿಸಿಗಿಂತ ಚಿಕ್ಕದೇ ಆದರೂ ಗಾಡಿಯ ಉದ್ದ ನಾಲ್ಕೂವರೆ ಮೀಟರ್ ಇರುವುದರಿಂದ ಅದು ಶೇ 40ರಲ್ಲೇ ಬರುತ್ತದೆ. 1.5 ಲೀಟರ್ ಪೆಟ್ರೋಲ್ ಸೆಡಾನ್‌ಗೆ ಮೊದಲು ಸೆಸ್ ಸೇರಿ ಶೇ 45 ಇತ್ತು. ಅಂದರೆ ಅಂದಿನ 12 ಲಕ್ಷದ ಬಿಲ್ ಬರೀ ತೆರಿಗೆ ಲೆಕ್ಕದಲ್ಲಿ ಇಂದು ಸುಮಾರು 11.59 ಲಕ್ಷ. ಹಳೆಯ ಗಾಡಿ ಮಾರುವವರು 2022ರ ಬಿಲ್ ತೋರಿಸಿ ಚೌಕಾಸಿ ಶುರು ಮಾಡಿದರೆ ಒಪ್ಪಬೇಡಿ. ಅದೇ ಮಾಡೆಲ್‌ನ ಇಂದಿನ ಬೆಲೆಯಿಂದ ಕೆಳಗಿಳಿಯುತ್ತಾ ಬನ್ನಿ.

ಹಳೆಯದರಲ್ಲಿ ಸನ್‌ರೂಫಿಗಿಂತ ಮೊದಲು ಏರ್‌ಬ್ಯಾಗ್ ಎಣಿಸಿ. 2022ರ ವರ್ಟಸ್, ಸ್ಲಾವಿಯಾದ ಕೆಳಗಿನ ಮಾಡೆಲ್‌ಗಳಲ್ಲಿ ಎರಡೇ ಇದ್ದವು. 2023ರ ಮಾರ್ಚ್‌ನಲ್ಲಿ ಬಂದ ವೆರ್ನಾದ ಎಲ್ಲ ಮಾಡೆಲ್‌ಗಳಲ್ಲೂ ಆರಿವೆ. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಡಿಕ್ಕಿ ಪರೀಕ್ಷೆಯಲ್ಲಿ 2023ರಲ್ಲಿ ಮೂರಕ್ಕೂ ಐದು ತಾರೆ ಸಿಕ್ಕಿದೆ. ಆದರೆ ವರ್ಟಸ್, ಸ್ಲಾವಿಯಾದ ಬಾಡಿಶೆಲ್ (ಗಾಡಿಯ ಮೂಲ ಚೌಕಟ್ಟು) 'ಸ್ಥಿರ' ಎಂದೂ ವೆರ್ನಾದ್ದು 'ಅಸ್ಥಿರ' ಎಂದೂ ವರದಿಯಲ್ಲಿದೆ. ನಮ್ಮ ಮಟ್ಟಿಗೆ ಈ ವ್ಯತ್ಯಾಸಕ್ಕೆ ತೂಕವಿದೆ.

ಬೆಂಗಳೂರಿನ ಟ್ರಾಫಿಕ್‌ನಲ್ಲಿ ದಿನಕ್ಕೆ 40 ಕಿ.ಮೀ. ಓಡಿಸಬೇಕು. ಹಳೆಯ ಆಟೊಮ್ಯಾಟಿಕ್ ತೆಗೆದುಕೊಳ್ಳಲು ಹೆದರಿಕೆ. ಯಾವ ಗೇರ್‌ಬಾಕ್ಸ್ ನಂಬಬಹುದು?
– ವೈಟ್‌ಫೀಲ್ಡ್‌ನ ಓದುಗರು

ಈ ಸಾಲಿನ ಸೆಡಾನ್‌ಗಳಲ್ಲಿ ಮೂರು ಜಾತಿಯ ಆಟೊಮ್ಯಾಟಿಕ್‌ಗಳಿವೆ. ಸಿಟಿಯಲ್ಲಿ ಬೆಲ್ಟ್ ಮೇಲೆ ನಡೆಯುವ ಸಿವಿಟಿ, ವೆರ್ನಾದ ಸಾಮಾನ್ಯ 1.5 ಪೆಟ್ರೋಲ್‌ನಲ್ಲಿರುವ ಐವಿಟಿ ಕೂಡ ಅದೇ ಜಾತಿ. ವರ್ಟಸ್, ಸ್ಲಾವಿಯಾದ 1.0 ಎಂಜಿನ್‌ಗೆ ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಆರು ಗೇರ್‌ನ ಟಾರ್ಕ್ ಕನ್ವರ್ಟರ್. ಅವೆರಡರ 1.5 ಟರ್ಬೊಗೆ ಡಿಎಸ್‌ಜಿ, ವೆರ್ನಾ ಟರ್ಬೊಗೆ ಡಿಸಿಟಿ. ಇವೆರಡೂ ಜೋಡಿ ಕ್ಲಚ್‌ನ, ಏಳು ಗೇರ್‌ನ ಡ್ರೈ ಕ್ಲಚ್ (ಒಣ ಕ್ಲಚ್) ಪೆಟ್ಟಿಗೆಗಳು.

ತೆವಳುವ ಟ್ರಾಫಿಕ್‌ಗೆ ಹಳೆಯ ಗಾಡಿಯಲ್ಲಿ ನಮ್ಮ ಮೊದಲ ಆಯ್ಕೆ ಟಾರ್ಕ್ ಕನ್ವರ್ಟರ್, ಎರಡನೆಯದು ಸಿವಿಟಿ. ಡ್ರೈ ಕ್ಲಚ್‌ನಲ್ಲಿ ಕ್ಲಚ್ ಪ್ಲೇಟ್‌ಗಳನ್ನು ತಂಪಾಗಿಡಲು ಎಣ್ಣೆ ಇರುವುದಿಲ್ಲ. ಗಂಟೆಗೆ ಐದಾರು ಕಿ.ಮೀ. ವೇಗದಲ್ಲಿ ಮುಂದೆ ಸರಿಯುವಾಗ ಕ್ಲಚ್ ಅರ್ಧ ಹಿಡಿದು ಅರ್ಧ ಬಿಡುತ್ತಲೇ ಇದ್ದು ಕಾಯುತ್ತದೆ, ಸವೆಯುತ್ತದೆ. ಡಿಎಸ್‌ಜಿಯಲ್ಲಿ ಗೇರ್ ಬದಲಿಸುವ ಮೆಕಟ್ರಾನಿಕ್ ಘಟಕ ಕೈಕೊಟ್ಟರೆ ರಿಪೇರಿ ಲಕ್ಷದ ಮಾತು. ಹೆದ್ದಾರಿಯಲ್ಲಿ ಇವುಗಳಷ್ಟು ಚೆಂದದ ಪೆಟ್ಟಿಗೆ ಬೇರೆ ಇಲ್ಲ, ಅದನ್ನೂ ಹೇಳಲೇಬೇಕು. ವಾರಂಟಿ ಉಳಿದಿದ್ದರೆ, ಅದು ನಿಮ್ಮ ಹೆಸರಿಗೆ ವರ್ಗವಾಗುವುದಾದರೆ ಮಾತ್ರ ಹಳೆಯ ಡಿಸಿಟಿಯನ್ನು ಯೋಚಿಸಿ.

ಪರೀಕ್ಷೆ ಹೀಗೆ ಮಾಡಿ. ಡಿಸಿಟಿಯಾದರೆ ಗಾಡಿ ಬಿಸಿಯಾದ ಮೇಲೆ ಬೇಸ್‌ಮೆಂಟ್ ಇಳಿಜಾರಿನಲ್ಲಿ ರಿವರ್ಸ್ ಹಾಕಿ ನಿಧಾನಕ್ಕೆ ಮೇಲೆ ಹತ್ತಿಸಿ. ನಡುಕ, ಸುಟ್ಟ ವಾಸನೆ ಬಂದರೆ ಕ್ಲಚ್ ಮುಗಿದಿದೆ. ಸಿವಿಟಿಯಾದರೆ ಎಂಜಿನ್ ತಣ್ಣಗಿರುವಾಗ ಹೊರಟು 20ರಿಂದ 40 ಕಿ.ಮೀ. ವೇಗದ ನಡುವೆ ಹಗುರವಾಗಿ ಆಕ್ಸಿಲರೇಟರ್ ಒತ್ತಿ; ಗಾಡಿ ಕುಲುಕಿದರೆ ಅಥವಾ ವೇಗದ ಜೊತೆ ಏರುವ ಗುಂಯ್ ಸದ್ದು ಕೇಳಿದರೆ ಬಿಡಿ. ಸಿವಿಟಿ ಫ್ಲೂಯಿಡ್ ಅನ್ನು 40 ಸಾವಿರ ಕಿ.ಮೀ.ಗೊಮ್ಮೆ ಬದಲಿಸುವುದು ಒಳ್ಳೆಯದು. ಸಿಟಿಗೆ ಹೋಂಡಾದ ಎಚ್‌ಸಿಎಫ್-2 ದರ್ಜೆಯ ಎಣ್ಣೆಯೇ ಬೇಕು. ಸರ್ವಿಸ್ ಬಿಲ್‌ನಲ್ಲಿ ಆ ಹೆಸರು ಹುಡುಕಿ. ಸಾಮಾನ್ಯ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆ (ಎಟಿಎಫ್) ಸುರಿದಿದ್ದರೆ ಬೆಲ್ಟ್ ಜಾರತೊಡಗುತ್ತದೆ.

2021ರ ವೆರ್ನಾ ಡೀಸೆಲ್ ಸಿಗುತ್ತಿದೆ. ಆಫೀಸು ಎಂಟು ಕಿ.ಮೀ. ದೂರ. ಮೈಲೇಜ್ ಆಸೆಗೆ ತೆಗೆದುಕೊಳ್ಳಲೇ?
– ಮಂಗಳೂರಿನ ಓದುಗರು

ಬೇಡ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಡೀಸೆಲ್‌ಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತದೆ. ಹೆದ್ದಾರಿ ವೇಗದಲ್ಲಿ ಇಪ್ಪತ್ತು ನಿಮಿಷದಷ್ಟು ಓಡಿದಾಗ ಅದು ಕಾದು ಮಸಿಯನ್ನು ಸುಟ್ಟುಕೊಳ್ಳುತ್ತದೆ. ಎಂಟು ಕಿ.ಮೀ.ಯಲ್ಲಿ ಎಂಜಿನ್ ಸರಿಯಾಗಿ ಕಾಯುವುದೇ ಇಲ್ಲ. ಫಿಲ್ಟರ್ ಕಟ್ಟಿಕೊಂಡು ದೀಪ ಹೊತ್ತುತ್ತದೆ, ಸುಡದ ಡೀಸೆಲ್ ಆಯಿಲ್‌ಗೆ ಇಳಿದು ಆಯಿಲ್ ತೆಳ್ಳಗಾಗುತ್ತದೆ. ವಾರಕ್ಕೆರಡು ಬಾರಿ ಉಡುಪಿಗೋ ಹಾಸನಕ್ಕೋ ಹೋಗಿಬರುವವರಿಗೆ ಈ ಗಾಡಿ ಒಪ್ಪುತ್ತದೆ. ಕರಾವಳಿಯ ಗಾಡಿಯಾದರೆ ಪೆಟ್ರೋಲೇ ಇರಲಿ, ಡೀಸೆಲ್ಲೇ ಇರಲಿ, ಲಿಫ್ಟ್ ಮೇಲೆ ಏರಿಸಿ ಸಬ್‌ಫ್ರೇಮ್, ಬ್ರೇಕ್ ಪೈಪ್, ಸೈಲೆನ್ಸರ್ ಜೋಡಣೆಗಳಲ್ಲಿ ತುಕ್ಕು ನೋಡದೆ ಮುಂಗಡ ಕೊಡಬೇಡಿ.

ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋದಾಗ ಮೆಕ್ಯಾನಿಕ್ ಜೊತೆಗಿಲ್ಲದಿದ್ದರೆ ನಾವೇ ಏನೇನು ನೋಡಬಹುದು?
– ಹುಬ್ಬಳ್ಳಿಯ ಓದುಗರು

ಬೆಳಿಗ್ಗೆ ಹೋಗಿ. ಎಂಜಿನ್ ಸ್ಟಾರ್ಟ್ ಮಾಡಿ ಇಡಬೇಡಿ ಎಂದು ಮೊದಲೇ ಹೇಳಿ, ಹೋದ ತಕ್ಷಣ ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಏನನ್ನೋ ಮುಚ್ಚಿಡಲು ಮೊದಲೇ ಓಡಿಸಿದ್ದಾರೆ ಎಂಬ ಅನುಮಾನ ಇಟ್ಟುಕೊಳ್ಳಿ. ತಣ್ಣಗಿರುವಾಗಲೇ ಆಯಿಲ್ ಮುಚ್ಚಳ ತೆಗೆದು ನೋಡಿ, ಒಳಗೆ ಬಿಳಿ ಕೆನೆಯಂಥ ಪದಾರ್ಥ ಇದ್ದರೆ ನೀರು ಸೇರಿರಬಹುದು. ಕೂಲಂಟ್ ತೊಟ್ಟಿಯಲ್ಲಿ ಜಿಡ್ಡು ತೇಲಬಾರದು. ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅನುಮಾನ.

ಅಪಘಾತದ ಗುರುತು ಬಣ್ಣಕ್ಕಿಂತ ಬೋಲ್ಟ್‌ಗಳಲ್ಲಿ ಬೇಗ ಸಿಗುತ್ತದೆ. ಬಾನೆಟ್ ಹಿಂಜ್, ಮುಂದಿನ ಫೆಂಡರ್, ಬಾಗಿಲ ಹಿಂಜ್‌ಗಳ ಬೋಲ್ಟ್ ತಲೆಯ ಮೇಲಿನ ಬಣ್ಣ ಸ್ಪ್ಯಾನರ್ ತಾಗಿ ಎದ್ದಿದೆಯೇ ನೋಡಿ. ಫೆಂಡರ್ ಬದಲಾಗಿದ್ದರೆ ದೊಡ್ಡ ವಿಷಯವಲ್ಲ. ಸಸ್ಪೆನ್ಷನ್ ಕೂರುವ ಏಪ್ರನ್‌ನಲ್ಲೋ ಮುಂದಿನ ಉದ್ದದ ಚಾಸಿ ತೊಲೆಯಲ್ಲೋ ಕೈಯಿಂದ ಮಾಡಿದ ವೆಲ್ಡ್ ಕಂಡರೆ ಬೆಲೆ ಎಷ್ಟೇ ಕಡಿಮೆಯಾದರೂ ವಾಪಸ್ ಬನ್ನಿ. ಪೇಂಟ್ ದಪ್ಪ ಅಳೆಯುವ ಮೀಟರ್ ಸಿಕ್ಕರೆ ಇನ್ನೂ ಸುಲಭ. ಕಾರ್ಖಾನೆಯ ಬಣ್ಣ ಸುಮಾರು 80ರಿಂದ 150 ಮೈಕ್ರಾನ್. 200 ದಾಟಿದರೆ ಮರುಬಣ್ಣ, 400ಕ್ಕಿಂತ ಮೇಲೆ ಹೋದರೆ ಕೆಳಗೆ ಪುಟ್ಟಿ ಇದೆ.

ಓಡೋಮೀಟರ್ ತಿದ್ದುವುದು ಅರ್ಧ ಗಂಟೆಯ ಕೆಲಸ. ಅದಕ್ಕೇ ಮೀಟರ್ ಬಿಟ್ಟು ಬೇರೆ ಸಾಕ್ಷಿ ಕೇಳಿ: ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ನೋಂದಣಿ ಸಂಖ್ಯೆ ಕೊಟ್ಟು, ಮಾಲೀಕರ ಒಪ್ಪಿಗೆಯಿಂದ ಪೂರ್ತಿ ಇತಿಹಾಸ ತೆಗೆಸಿ. ಟೈರ್ ಬದಿಯ ನಾಲ್ಕಂಕಿ ಓದಿ. 2322 ಅಂದರೆ 2022ರ 23ನೇ ವಾರ ತಯಾರಾದದ್ದು. 2022ರ ಗಾಡಿ '22 ಸಾವಿರ ಓಡಿದೆ' ಎನ್ನುತ್ತಾರೆ, ನಾಲ್ಕೂ ಟೈರ್ 2025ರವು ಎಂದಾದರೆ ಮೊದಲ ಸೆಟ್ ಎಲ್ಲಿ ಸವೆಯಿತು ಎಂದು ಕೇಳಿ. ಬ್ರೇಕ್ ಡಿಸ್ಕ್‌ನ ಅಂಚಿನಲ್ಲಿ ಏಣು ಎದ್ದಿರುವುದು, ಪೆಡಲ್ ರಬ್ಬರ್ ನುಣುಪಾಗಿರುವುದು, ಚಾಲಕನ ಸೀಟಿನ ಹೊರ ಅಂಚು ಕುಸಿದಿರುವುದು ಕಡಿಮೆ ಓಡಿದ ಗಾಡಿಯ ಲಕ್ಷಣಗಳಲ್ಲ.

ನೀರಲ್ಲಿ ಮುಳುಗಿದ ಗಾಡಿ ಎಲ್ಲಕ್ಕಿಂತ ಅಪಾಯ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಯಮಲೂರು, ಬೆಳ್ಳಂದೂರು ಕಡೆಯ ಬಡಾವಣೆಗಳಲ್ಲೂ 2023ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲೂ ಬಹಳ ಕಾರು ಮುಳುಗಿದವು. ಇಂಥ ಗಾಡಿ ತೊಳೆದು ಪಾಲಿಶ್ ಆಗಿ ಬೇರೆ ಊರಲ್ಲಿ ಮಾರಾಟಕ್ಕೆ ನಿಲ್ಲಬಹುದು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ, ಒಳಗಿನ ಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸ್ಟೆಪ್ನಿ ಎತ್ತಿ ಗುಂಡಿಯ ತಳ ನೋಡಿ. ಸೀಟ್ ಹಳಿಗಳ ತುಕ್ಕು, ಫ್ಯೂಸ್ ಪೆಟ್ಟಿಗೆಯ ಮಣ್ಣು, ಕಾರ್ಪೆಟ್ ಅಡಿಯ ತೇವ, ಎಸಿ ಹಾಕಿದ ಕ್ಷಣದ ಮುಗ್ಗಲು ವಾಸನೆ ಎಲ್ಲವನ್ನೂ ಗಮನಿಸಿ. ವೈರಿಂಗ್ ಕನೆಕ್ಟರ್‌ಗಳು ತಿಂಗಳುಗಳ ನಂತರ ಹಸಿರುಗಟ್ಟಿ ಒಂದೊಂದೇ ಕೈಕೊಡುವುದರಿಂದ ಕೊಳ್ಳುವ ದಿನ ಏನೂ ಗೊತ್ತಾಗುವುದಿಲ್ಲ.

ಮ್ಯಾನುವಲ್ ಗಾಡಿಯಾದರೆ ಮೂರನೇ ಗೇರ್‌ನಲ್ಲಿ 30 ಕಿ.ಮೀ. ವೇಗದಿಂದ ಪೂರ್ತಿ ಆಕ್ಸಿಲರೇಟರ್ ತುಳಿಯಿರಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ, ಅದರ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಕೊನೆಯದಾಗಿ, ಚಾಸಿ ಸಂಖ್ಯೆ ಹಾಕಿ ಕಂಪನಿಯ ಜಾಲತಾಣದಲ್ಲಿ ರೀಕಾಲ್ ಬಾಕಿ ಇದೆಯೇ ನೋಡಿ. ಇಂಧನ ಪಂಪ್‌ನ ಇಂಪೆಲ್ಲರ್ ದೋಷಕ್ಕಾಗಿ ಹೋಂಡಾ 2020ರಲ್ಲೂ 2024ರಲ್ಲೂ ಕಾರುಗಳನ್ನು ಹಿಂದೆ ಕರೆಸಿತ್ತು. ಸರಿಪಡಿಸದೆ ಉಳಿದರೆ ಓಡುವಾಗಲೇ ಎಂಜಿನ್ ನಿಲ್ಲಬಹುದು. ಬದಲಾವಣೆ ಉಚಿತ.

ಮನೆಯಲ್ಲಿ ಮಂಡಿನೋವಿನ ಅಪ್ಪ ಅಮ್ಮ ಇದ್ದಾರೆ, ಆಗುಂಬೆ ಘಾಟಿಯ ಓಡಾಟವೂ ಇದೆ. ಸೆಡಾನ್ ತಳ ತಾಗುವುದಿಲ್ಲವೇ?
– ತೀರ್ಥಹಳ್ಳಿಯ ಓದುಗರು

ತಿರುವುಗಳಲ್ಲಿ ವಾಲಾಟ ಕಡಿಮೆ ಇರುವುದರಿಂದ ಘಾಟಿಯಲ್ಲಿ ಹಿಂದೆ ಕೂತವರಿಗೆ ಸೆಡಾನ್ ಹಿತ. ತಾಗುವುದು ಊರೊಳಗಿನ ಹಂಪ್‌ಗಳಲ್ಲಿ, ಅದೂ ಐವರು ಕೂತು ಡಿಕ್ಕಿ ತುಂಬಿದಾಗ. ಕಂಪನಿ ಹೇಳುವ ನೆಲದ ಅಂತರ ವರ್ಟಸ್, ಸ್ಲಾವಿಯಾಗೆ 179 ಮಿ.ಮೀ., ಸಿಯಾಜ್‌ಗೆ 170, ಸಿಟಿಗೆ 165. ನಿಮ್ಮ ದಾರಿಗೆ ಮೊದಲೆರಡು ಸರಿ. ಮಂಡಿನೋವಿನವರಿಗೆ ಮಾತ್ರ ಕಾಗದದ ಅಳತೆ ಉಪಯೋಗಕ್ಕೆ ಬಾರದು. ಅವರನ್ನೇ ಕರೆದೊಯ್ದು ಹಿಂದಿನ ಸೀಟಿಗೆ ನಾಲ್ಕಾರು ಬಾರಿ ಹತ್ತಿ ಇಳಿಯಲು ಹೇಳಿ. ಏಳುವಾಗ ಬಾಗಿಲ ಕಂಬ ಹಿಡಿದು ಮೈ ಎತ್ತಬೇಕಾಗುತ್ತಿದ್ದರೆ ಎತ್ತರದ ಗಾಡಿಯೇ ಅವರಿಗೆ ಸರಿ. ಸೆಡಾನ್ ಆಸೆಯನ್ನು ಬಿಡಿ. ಮೂವರು ಹಿಂದೆ ಕೂರುವುದಾದರೆ ನಡುವಿನವರಿಗೂ ಹೆಗಲಿನ ಬೆಲ್ಟ್, ತಲೆದಿಂಬು ಎರಡೂ ಇರುವ ಮಾಡೆಲ್ ಹುಡುಕಿ.

2016ರ ಸಿಯಾಜ್ ಪೆಟ್ರೋಲ್ ನೋಡಿದ್ದೇನೆ. ಇ20 (ಶೇ 20 ಎಥನಾಲ್ ಬೆರೆಸಿದ) ಪೆಟ್ರೋಲ್‌ನಿಂದ ಹಾಳಾಗುತ್ತದೆಯೇ?
– ಕಲಬುರಗಿಯ ಓದುಗರು

ಅದೊಂದೇ ಕಾರಣಕ್ಕೆ ಬಿಡಬೇಡಿ. ಹಳೆಯ ಗಾಡಿಗಳಲ್ಲಿ ಮೈಲೇಜ್ ಶೇ 6–7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಇಂಧನದ ರಬ್ಬರ್ ಕೊಳವೆ, ಓ-ರಿಂಗ್‌ಗಳು ಗಟ್ಟಿಯಾಗಿ ಬಿರುಕು ಬಿಟ್ಟಿವೆಯೇ ನೋಡಿಸಿ, ಬಿಟ್ಟಿದ್ದರೆ ಬದಲಿಸಿ. ಎಥನಾಲ್ ತೇವ ಹೀರುವುದರಿಂದ ಗಾಡಿಯನ್ನು ವಾರಗಟ್ಟಲೆ ಕಾಲು ಟ್ಯಾಂಕ್ ಪೆಟ್ರೋಲ್‌ನಲ್ಲಿ ನಿಲ್ಲಿಸಬೇಡಿ. ಸಿಯಾಜ್ ತಯಾರಿಕೆ 2025ರಲ್ಲಿ ನಿಂತಿದ್ದರೂ ಬಿಡಿಭಾಗಗಳ ಚಿಂತೆ ಸದ್ಯಕ್ಕಿಲ್ಲ.

ದೆಹಲಿ ನೋಂದಣಿಯ ಡೀಸೆಲ್ ಸಿಟಿ ಇಲ್ಲಿಗಿಂತ ಎರಡು ಲಕ್ಷ ಕಡಿಮೆಗೆ ಸಿಗುತ್ತಿದೆ. ಲಾಭವಲ್ಲವೇ?
– ಮೈಸೂರಿನ ಓದುಗರು

ದೆಹಲಿಯಲ್ಲಿ ಹತ್ತು ವರ್ಷ ತುಂಬುವ ಡೀಸೆಲ್‌ಗಳ ಮೇಲಿದ್ದ ನಿರ್ಬಂಧದಿಂದ ಅಲ್ಲಿ ಬೆಲೆ ಬಿದ್ದದ್ದು ನಿಜ. ಆದರೆ ಇಲ್ಲಿಗೆ ತಂದು ಮರುನೋಂದಣಿ ಮಾಡಿಸುವಾಗ ಗಾಡಿಯ ವಯಸ್ಸಿಗೆ ತಕ್ಕ ಆಜೀವ ತೆರಿಗೆ ಕಟ್ಟಬೇಕು. ನಮೂನೆ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಸಾಲ ತೀರಿದ್ದರೆ ಬ್ಯಾಂಕಿನ ಪತ್ರ ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ನಮೂನೆ 35, ಸಾಗಣೆ, ಓಡಾಟ ಎಲ್ಲ ಸೇರಿಸಿ. ಮೈಸೂರು ಆರ್‌ಟಿಒದಲ್ಲಿ ತೆರಿಗೆ ಮೊತ್ತ ಕೇಳಿದ ಮೇಲೆಯೇ ಮುಂಗಡದ ಮಾತಾಡಿ. ಎರಡು ಲಕ್ಷದಲ್ಲಿ ಬಹುಪಾಲು ಇಲ್ಲೇ ಕರಗಬಹುದು.

ಹೊಸ ಕಾರು ಕೊಳ್ಳುವಾಗ ಹಳೆಯ ಸೆಡಾನನ್ನು ಎಕ್ಸ್‌ಚೇಂಜ್‌ಗೆ ಕೊಟ್ಟೆ. ಆರು ತಿಂಗಳಾದರೂ ಆರ್‌ಸಿ ನನ್ನ ಹೆಸರಲ್ಲೇ ಇದೆ. ತೊಂದರೆ ಇದೆಯೇ?
– ತುಮಕೂರಿನ ಓದುಗರು

ದೊಡ್ಡ ತೊಂದರೆ ಇದೆ. ಅಪಘಾತವಾದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವರದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ, ಗಾಡಿ ಎಷ್ಟು ಕೈ ಬದಲಾಗಿದ್ದರೂ ಸರಿ. ದಂಡದ ನೋಟಿಸ್‌ಗಳೂ ನಿಮಗೇ ಬರುತ್ತವೆ.

ಮಾರಿದವರು 14 ದಿನದೊಳಗೆ ನಮೂನೆ 29ರಲ್ಲಿ ಆರ್‌ಟಿಒಗೆ ತಿಳಿಸಬೇಕು. ಕೊಂಡವರು 30 ದಿನದೊಳಗೆ ನಮೂನೆ 30 ಸಲ್ಲಿಸಬೇಕು. ಅಧಿಕೃತ ಹಳೆ ವಾಹನ ಡೀಲರ್‌ಗೆ ಕೊಡುವಾಗ 2023ರ ಏಪ್ರಿಲ್‌ನಿಂದ ನಮೂನೆ 29ಸಿ ಎಂಬ ದಾರಿಯೂ ಇದೆ. ಗಾಡಿ ಡೀಲರ್ ಕೈಸೇರಿದ್ದನ್ನು ಪರಿವಾಹನ್ ಪೋರ್ಟಲ್‌ನಲ್ಲಿ ದಾಖಲಿಸಿದರೆ ಅಲ್ಲಿಂದ ಮುಂದೆ ಡೀಲರೇ ಮಾಲೀಕರೆಂದು ಪರಿಗಣಿತರಾಗುತ್ತಾರೆ. ನಿಮ್ಮ ಸಂದರ್ಭದಲ್ಲಿ ಇದು ಆಗಿದೆಯೇ ಎಂದು ಡೀಲರ್ ಬಳಿ ಲಿಖಿತವಾಗಿ ಕೇಳಿ. ಆಗಿಲ್ಲವಾದರೆ ಗಾಡಿ ಒಪ್ಪಿಸಿದ ರಸೀದಿ, ಹಣ ಅಥವಾ ಎಕ್ಸ್‌ಚೇಂಜ್ ಬಿಲ್ ಸಮೇತ ನಿಮ್ಮ ಆರ್‌ಟಿಒಗೆ ಅರ್ಜಿ ಕೊಟ್ಟು ಸ್ವೀಕೃತಿ ಮುದ್ರೆ ಪಡೆಯಿರಿ. ಫಾಸ್ಟ್ಯಾಗ್ ಮುಚ್ಚಿಸಿ. ವಿಮಾ ಕಂಪನಿಯಿಂದ ನೋ ಕ್ಲೇಮ್ ಬೋನಸ್ ಪತ್ರ ಕೇಳಿ ಪಡೆಯಿರಿ. ಆ ಬೋನಸ್ ಗಾಡಿಯದಲ್ಲ, ನಿಮ್ಮದು, ಮೂರು ವರ್ಷದೊಳಗೆ ಬೇರೆ ಕಾರಿನ ವಿಮೆಗೆ ಬಳಸಬಹುದು. ಆ ಹಳೆಯ ಗಾಡಿ ಕೊಂಡವರೂ 14 ದಿನದೊಳಗೆ ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು, ಇಲ್ಲದಿದ್ದರೆ ಅವರ ಸ್ವಂತ ಗಾಡಿಯ ಹಾನಿಗೆ ಕ್ಲೇಮ್ ಸಿಗುವುದು ಕಷ್ಟ.