ಹೊರೆಕಾಣಿಕೆ ಕೊಟ್ಟವರು ಕುಂಬಳಕಾಯಿಯ ಹಿಂದೆ ಹೋಗುವುದಿಲ್ಲ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಟ್ರಸ್ಟ್, ದಾನ, ಲೆಕ್ಕಪತ್ರ

ಪ್ರಶ್ನೆ: ತಂದೆ ಮುಂಬೈಯಲ್ಲಿ ಹೋಟೆಲ್ ನಡೆಸಿ ಉಳಿಸಿದ ಹಣದಲ್ಲಿ ಒಂದು ಚಾರಿಟೇಬಲ್ ಟ್ರಸ್ಟ್ ಮಾಡಿದ್ದಾರೆ. ತೆರಿಗೆ ವಿನಾಯಿತಿಗೆ ಬೇಕಾದ 12ಎಬಿ ನೋಂದಣಿ ಇದೆ. ಮೂರು ಕೋಟಿ ಎಫ್‌ಡಿಯಲ್ಲಿದ್ದು ವರ್ಷಕ್ಕೆ ಹತ್ತಿರ ಹತ್ತಿರ 21 ಲಕ್ಷ ಬಡ್ಡಿ ಬರುತ್ತದೆ. ಟ್ರಸ್ಟಿಗಳು ಮನೆಯ ನಾಲ್ವರೇ, ಸಿಬ್ಬಂದಿ ಇಲ್ಲ. ಈವರೆಗೆ ಗಾಲಿಕುರ್ಚಿ, ಕಂಪ್ಯೂಟರ್, ಬೆಂಚು ಅಂತ ಮೂವತ್ತೈದು ಕಡೆ ಕೊಟ್ಟಿದ್ದೇವೆ. ಈಗ ವಿಶೇಷ ಮಕ್ಕಳ ಶಾಲೆಯೊಂದರವರು "ಸಾಮಾನು ಸಾಕು, ಟೀಚರ್ ಸಂಬಳಕ್ಕೆ, ಬಾಡಿಗೆಗೆ ಕೊಡಿ" ಅನ್ನುತ್ತಾರೆ. ತಂದೆಗೆ ಮನಸ್ಸಿಲ್ಲ. ಹೀಗೆ ಕೊಡಲು ಕಾನೂನಿನ ಅಡ್ಡಿ ಇದೆಯೇ? ಕೊಟ್ಟರೆ ಲೆಕ್ಕ ಕೇಳುವುದು ಹೇಗೆ?
(ಓದುಗರು, ಉಡುಪಿ)

ಉತ್ತರ: ಕಾನೂನಿನ ಅಡ್ಡಿ ಇಲ್ಲ. ಮೂರು ವಿಷಯ ಮಾತ್ರ ನೋಡಿಕೊಳ್ಳಿ. ನಿಮ್ಮ ಟ್ರಸ್ಟ್ ಡೀಡಿನ ಉದ್ದೇಶದೊಳಗೆ ಆ ಶಾಲೆಯ ಕೆಲಸ ಬರಬೇಕು. ಶಾಲೆ ನಡೆಸುವ ಸಂಸ್ಥೆಗೂ ತೆರಿಗೆ ಇಲಾಖೆಯ ನೋಂದಣಿ ಇರಬೇಕು. ಮತ್ತೆ, ಕೊಡುವ ಹಣವನ್ನು ಪತ್ರದಲ್ಲಿ "ಕಾರ್ಪಸ್" (ಖರ್ಚು ಮಾಡದೆ ಉಳಿಸಿಡುವ ಮೂಲಧನ) ಎಂದು ಬರೆಯಬಾರದು. ಒಂದು ಟ್ರಸ್ಟ್ ಇನ್ನೊಂದರ ಕಾರ್ಪಸ್‌ಗೆ ಕೊಟ್ಟದ್ದನ್ನು ಇಲಾಖೆ ಖರ್ಚು ಎಂದು ಒಪ್ಪುವುದಿಲ್ಲ. (ಏಪ್ರಿಲ್ 1, 2026ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ, ಸೆಕ್ಷನ್ ನಂಬರುಗಳೆಲ್ಲ ಅದಲು ಬದಲು. ನಮ್ಮ ಬಾಯಿಗೆ ರೂಢಿಯಾದ ಹಳೆಯ ಹೆಸರುಗಳನ್ನೇ ಇಲ್ಲಿ ಬಳಸುತ್ತಿದ್ದೇನೆ.)

ಆದರೆ ಒಂದು ಲೆಕ್ಕ ನಿಮ್ಮ ಗಮನಕ್ಕೆ ಬಂದಿರಲಿಕ್ಕಿಲ್ಲ. ಆದಾಯದ ಶೇ. 85ನ್ನು ಆಯಾ ವರ್ಷ ಧರ್ಮಕಾರ್ಯಕ್ಕೆ ಬಳಸಬೇಕೆಂಬುದು ನಿಮಗೆ ಗೊತ್ತಿದೆ. 21 ಲಕ್ಷಕ್ಕೆ ಅದು 17.85 ಲಕ್ಷ. ಗಾಲಿಕುರ್ಚಿಯನ್ನು ನೀವೇ ಕೊಂಡು ಕೊಟ್ಟಾಗ ಬಿಲ್ಲಿನ ಪೂರ್ತಿ ಮೊತ್ತ ಲೆಕ್ಕಕ್ಕೆ ಸಿಗುತ್ತಿತ್ತು. ಇನ್ನೊಂದು ನೋಂದಾಯಿತ ಸಂಸ್ಥೆಗೆ ಹಣವಾಗಿ ಕೊಟ್ಟರೆ, 2023ರ ಹಣಕಾಸು ಕಾಯ್ದೆಯ ತಿದ್ದುಪಡಿಯ ಪ್ರಕಾರ, ಕೊಟ್ಟದ್ದರಲ್ಲಿ ಶೇ. 85 ಮಾತ್ರ ಲೆಕ್ಕಕ್ಕೆ. ಅಂದರೆ 17.85 ಲಕ್ಷ ಕೊಟ್ಟರೆ 15.17 ಲಕ್ಷ ಕೊಟ್ಟಂತೆ, ಉಳಿದ 2.68 ಲಕ್ಷ ಕೊರತೆ. ಬರೀ ಅನುದಾನದಿಂದಲೇ ಗುರಿ ಮುಟ್ಟಬೇಕಿದ್ದರೆ ಪೂರ್ತಿ 21 ಲಕ್ಷವನ್ನೂ ಕೊಡಬೇಕಾಗುತ್ತದೆ. ನಿಮ್ಮ ಆಡಿಟ್ ಫೀಸಿನಂಥ ಖರ್ಚು ಇದರಲ್ಲಿ ಸ್ವಲ್ಪ ಕಳೆಯುತ್ತದೆ. ಎಫ್‌ಡಿ ಬೆಳೆಸುವ ಆಸೆ ತಂದೆಗಿದ್ದರೆ ಇದನ್ನು ಮೊದಲೇ ಹೇಳಿಬಿಡಿ, ಮಾರ್ಚ್ ಕೊನೆಯಲ್ಲಿ ಬೇಡ.

ಇನ್ನು ತಂದೆಯ ಮನಸ್ಸಿನ ವಿಷಯ. ನಮ್ಮೂರಲ್ಲಿ ದಾನಕ್ಕೆ ಎರಡು ರೀತಿ. ಒಂದು, ಟ್ಯೂಬ್‌ಲೈಟಿನದ್ದು. ಟ್ಯೂಬಿನ ಮೇಲೆ ಕೊಟ್ಟವರ ಹೆಸರು, ಊರು, ಅವರ ತೀರಿಹೋದ ತಾಯಿಯ ಹೆಸರು ಎಲ್ಲ ಬರೆದ ಮೇಲೆ ಬೆಳಕು ಬರಲು ಉಳಿಯುವುದು ಎರಡಿಂಚು. ಇನ್ನೊಂದು, ಹೊರೆಕಾಣಿಕೆ. ದೇವಸ್ಥಾನದ ಬ್ರಹ್ಮಕಲಶಕ್ಕೆ ಊರವರು ಅಕ್ಕಿ, ತೆಂಗಿನಕಾಯಿ, ಕುಂಬಳಕಾಯಿ, ಸೌತೆ ಎಲ್ಲ ಮೆರವಣಿಗೆಯಲ್ಲಿ ತಂದು ಉಗ್ರಾಣ ತುಂಬುತ್ತಾರೆ. ಆಮೇಲೆ ಅದು ಅಡುಗೆಯವರ ಸುಪರ್ದಿ. ತನ್ನ ಕುಂಬಳಕಾಯಿ ಸಾಂಬಾರಿಗೆ ಬಿತ್ತೇ ಮಜ್ಜಿಗೆಹುಳಿಗೆ ಬಿತ್ತೇ ಎಂದು ಅಡುಗೆ ಕೊಟ್ಟಿಗೆಗೆ ಬಂದು ಕೇಳಿದವರನ್ನು ನಾನು ಕಂಡಿಲ್ಲ. ಶಾಲೆಯವರು ನಿಮ್ಮಲ್ಲಿ ಕೇಳುತ್ತಿರುವುದು ಈ ಎರಡನೆಯದನ್ನು.

ಇದನ್ನು ಉಪದೇಶವಾಗಿ ಹೇಳುತ್ತಿಲ್ಲ, ನಾನೇ ತಪ್ಪು ಮಾಡಿ ಕಲಿತದ್ದು. ಹಲವು ವರ್ಷದ ಹಿಂದೆ ಒಂದು ಕುಟುಂಬ ಟ್ರಸ್ಟಿಗೆ ಅನುದಾನದ ಪತ್ರ ಬರೆದುಕೊಟ್ಟವನು ನಾನು. ಹಾಸಿಗೆ ಹಿಡಿದ ರೋಗಿಗಳನ್ನು ಮನೆಮನೆಗೆ ಹೋಗಿ ನೋಡುವ ಒಂದು ಸಣ್ಣ ಸಂಸ್ಥೆಗೆ 1,20,000 ರೂಪಾಯಿ, "ಸಾಧನ ಸಲಕರಣೆ ಖರೀದಿಗೆ ಮಾತ್ರ". ಆ "ಮಾತ್ರ"ಕ್ಕೆ ಅಡಿಗೆರೆ ಬೇರೆ ಎಳೆದಿದ್ದೆ. ಆಟಿ ತಿಂಗಳ ಮಳೆಯಲ್ಲಿ ಅವರ ಹಳೆಯ ವ್ಯಾನಿನ ಗೇರ್‌ಬಾಕ್ಸ್ ಹೋಯಿತು. ರಿಪೇರಿಗೆ 38,000. ಪಾಸ್‌ಬುಕ್‌ನಲ್ಲಿ ನಮ್ಮ ಹಣ ಹಾಗೇ ಇತ್ತು, ಮುಟ್ಟುವಂತಿರಲಿಲ್ಲ. ಅನುಮತಿ ಕೇಳಿ ಅವರು ಬರೆದ ಪತ್ರ ನಮ್ಮ ಫೈಲಿನಲ್ಲಿ ಕೂತಿತು. ಟ್ರಸ್ಟಿಗಳು ಸಭೆ ಸೇರಿದ್ದು ಚೌತಿ ಕಳೆದ ಮೇಲೆ. ಅಷ್ಟು ದಿನ ನರ್ಸ್ ಬಸ್ಸು ಹೋಗುವ ದಾರಿಯ ಮನೆಗಳಿಗೆ ಮಾತ್ರ ಹೋದರು. ಗುಡ್ಡದ ಮೇಲಿನ ಮನೆಗಳು ಬಿಟ್ಟುಹೋದವು. ನಮ್ಮ ಲೆಕ್ಕ ಮಾತ್ರ ಬಹಳ ಚೊಕ್ಕ ಇತ್ತು, ಆಡಿಟರ್ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆಡಿಟರ್ ಯಾರು? ನಾನೇ!

"ಸಂಬಳಕ್ಕೆ ಕೊಟ್ಟರೆ ಕಣ್ಣಿಗೆ ಕಾಣುವುದೇನು?" ಎಂದು ತಂದೆ ಕೇಳಿಯೇ ಕೇಳುತ್ತಾರೆ. ಹೋಟೆಲ್ ನಡೆಸಿದವರಿಗೆ ಉತ್ತರ ಹೇಳುವುದು ಸುಲಭ. ದೋಸೆಕಲ್ಲಿಗೆ ಹಣ ಇದೆ, ಭಟ್ಟರಿಗೆ ಸಂಬಳ ಇಲ್ಲ ಎಂದರೆ ಹೋಟೆಲ್ ನಡೆಯುತ್ತದೆಯೇ? ವಿಶೇಷ ಮಕ್ಕಳ ಶಾಲೆಗೆ ಒಳ್ಳೆಯ ಫಿಸಿಯೋಥೆರಪಿಸ್ಟ್ ಸಿಗುವುದೇ ಕಷ್ಟ. ಸಿಕ್ಕವರಿಗೆ ಮಣಿಪಾಲದಲ್ಲೋ ದುಬೈಯಲ್ಲೋ ಕೆಲಸ ಕಾದಿರುತ್ತದೆ. ಅವರು ಬಿಟ್ಟುಹೋದ ಮೇಲೆ ನೀವು ಕೊಟ್ಟ ವ್ಯಾಯಾಮದ ಯಂತ್ರಕ್ಕೆ ಬಟ್ಟೆ ಹೊದೆಸಿ ಮೂಲೆಯಲ್ಲಿಡುತ್ತಾರೆ. ಅಂಥ ಯಂತ್ರಗಳು ಎಷ್ಟು ಶಾಲೆಗಳಲ್ಲಿವೆ ಎಂದು ಒಮ್ಮೆ ಹೋಗಿ ನೋಡಲಿ, ನಾನು ಹೇಳುವುದಕ್ಕಿಂತ ಅದು ಚೆನ್ನಾಗಿ ನಾಟುತ್ತದೆ.

ಲೆಕ್ಕ ಕೇಳಬೇಡಿ ಎನ್ನುತ್ತಿಲ್ಲ. ಸಿಬ್ಬಂದಿ ಇಲ್ಲದ ನಾಲ್ವರಿಗೆ ಮೂವತ್ತೈದು ಕಡೆಯ ವೋಚರ್ ನೋಡಲು ಸಾಧ್ಯವೂ ಇಲ್ಲ. ನಾಲ್ಕೋ ಐದೋ ಸಂಸ್ಥೆ ಆರಿಸಿಕೊಳ್ಳಿ, ಎಚ್ಚರಿಕೆಯೆಲ್ಲ ಆ ಆಯ್ಕೆಯಲ್ಲೇ ಇರಲಿ. ಮೂರು ವರ್ಷದ ಆಡಿಟ್ ವರದಿ ತರಿಸಿ. ಆಡಳಿತ ಮಂಡಳಿಯ ಸಭೆ ನಿಜವಾಗಿ ನಡೆಯುತ್ತದೆಯೇ, ಮಿನಿಟ್ಸ್ ಪುಸ್ತಕ ಒಂದೇ ದಿನ ಒಂದೇ ಪೆನ್ನಿನಲ್ಲಿ ಬರೆದದ್ದೇ ನೋಡಿ. ಕೆಲಸದವರಿಗೆ ಸಂಬಳ ಯಾವ ತಾರೀಕಿಗೆ ಸಿಗುತ್ತದೆ ಎಂದು ಅವರನ್ನೇ ಕೇಳಿ. ನನ್ನ ಅನುಭವದಲ್ಲಿ ಸಂಸ್ಥೆಯ ಆರೋಗ್ಯಕ್ಕೆ ಇದಕ್ಕಿಂತ ಒಳ್ಳೆಯ ನಾಡಿ ಇಲ್ಲ. ನಿಮ್ಮ ಟ್ರಸ್ಟಿಗಳಿಗೋ ಅವರ ನೆಂಟರಿಗೋ ಲಾಭ ಹೋಗುವ ಸಂಸ್ಥೆಯಾದರೆ ದೂರ ಇರಿ, ಅದರಿಂದ ನಿಮ್ಮ ತೆರಿಗೆ ವಿನಾಯಿತಿಗೇ ಕುತ್ತು.

ಆಯ್ಕೆ ಆದ ಮೇಲೆ ಒಂದು ಪುಟದ ಪತ್ರ ಸಾಕು: "ನಿಮ್ಮ ಸಂಸ್ಥೆಯ ಉದ್ದೇಶಗಳಿಗೆ ನಿಮಗೆ ಸೂಕ್ತ ಕಂಡಂತೆ ಬಳಸಲು, ಕಾರ್ಪಸ್ ಅಲ್ಲ." ಸಾಧ್ಯವಾದರೆ ಮೂರು ವರ್ಷಕ್ಕೆ ಮಾತು ಕೊಡಿ, ಯಾಕೆಂದರೆ ಒಂದೇ ವರ್ಷದ ಹಣ ನೆಚ್ಚಿ ಯಾರೂ ಟೀಚರನ್ನು ನೇಮಿಸುವುದಿಲ್ಲ. ಹಣ ಜೂನ್ ಒಳಗೆ ತಲುಪಲಿ. ವರದಿಗೆ ನಿಮ್ಮದೇ ಫಾರಂ ಮಾಡಬೇಡಿ. ಅವರು ಹೇಗೂ ಮಾಡಿಸುವ ಆಡಿಟ್ ವರದಿ, ವಾರ್ಷಿಕ ವರದಿ ಸಾಕು. ವರ್ಷಕ್ಕೊಮ್ಮೆ ಹೋಗಿ ಅರ್ಧ ದಿನ ಕೂತು ಮಾತಾಡಿ, ಶಾಲು ಹಾರ ಬೇಡ ಎಂದು ಮೊದಲೇ ಹೇಳಿ. ಕೊನೆಯಲ್ಲಿ ಸ್ವಲ್ಪ ಹಣ ಉಳಿಸಿಕೊಂಡಿದ್ದರೆ ಮುಖ ಸಿಂಡರಿಸಬೇಡಿ. ಶೇ. 15ರಷ್ಟನ್ನು ಉಳಿಸಿಕೊಳ್ಳಲು ಅವರಿಗೂ ಕಾನೂನಿನ ಅವಕಾಶ ಇದೆ, ಮುಂದಿನ ಮಳೆಗಾಲದ ಗೇರ್‌ಬಾಕ್ಸ್‌ಗೆ ಅದೇ ದಿಕ್ಕು.

ಆಡಿಟ್ ಆಗದ ಹೊಸ ಸಂಸ್ಥೆಗೆ ಮಾತ್ರ ಮೊದಲ ವರ್ಷ ಸಣ್ಣ ಮೊತ್ತ, ನಿರ್ದಿಷ್ಟ ಕೆಲಸಕ್ಕೆ. ಕಟ್ಟಡದ ವಿಷಯದಲ್ಲೂ ಹಾಗೆಯೇ.

ಪ್ರಶ್ನೆ: ನಾನು ಒಂದು ಸಂಸ್ಥೆಯ ಕಾರ್ಯದರ್ಶಿ. ಕಂಪೆನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ) ಹಣ ಕೇಳಲು ಹೋದರೆ "ಆಡಳಿತ ವೆಚ್ಚ ಶೇ. 5 ದಾಟಬಾರದು, ಅದು ಕಾನೂನು" ಅನ್ನುತ್ತಾರೆ. ಅಕೌಂಟೆಂಟ್ ಸಂಬಳ, ಬಾಡಿಗೆ, ಕರೆಂಟ್ ಬಿಲ್ ಎಲ್ಲಿಂದ ತರಲಿ?
(ಓದುಗರು, ಕುಂದಾಪುರ)

ಉತ್ತರ: ಸಿಎಸ್‌ಆರ್ ನಿಯಮದ ಆ ಶೇ. 5ರ ಮಿತಿ ಕಂಪೆನಿ ತನ್ನ ಸಿಎಸ್‌ಆರ್ ವಿಭಾಗದ ಆಡಳಿತಕ್ಕೆ ಮಾಡುವ ಖರ್ಚಿಗೆ, ನಿಮ್ಮ ಖರ್ಚಿಗಲ್ಲ. ಹೇಳಿ ನೋಡಿ, ಆದರೆ ವಾದಕ್ಕೆ ನಿಲ್ಲಬೇಡಿ. ಅದಕ್ಕಿಂತ ನಿಮ್ಮ ಬಜೆಟ್ ಬರೆಯುವ ಕ್ರಮ ಬದಲಿಸಿ. ಕಟ್ಟಡದ ಅರ್ಧ ಭಾಗದಲ್ಲಿ ಟೈಲರಿಂಗ್ ತರಬೇತಿ ನಡೆಯುತ್ತಿದ್ದರೆ ಬಾಡಿಗೆಯ ಅರ್ಧ ಆ ತರಬೇತಿಯದ್ದೇ ಖರ್ಚು. ಅಕೌಂಟೆಂಟ್ ವಾರಕ್ಕೆ ಎರಡು ದಿನ ಅದರ ಲೆಕ್ಕ ಬರೆಯುತ್ತಿದ್ದರೆ ಆ ಪಾಲೂ ಅಲ್ಲಿಗೇ ಸೇರಬೇಕು. "ಇತರೆ" ಎಂಬ ಸಾಲಿನಲ್ಲಿ ಅಡಗಿಸಬೇಡಿ, ಅಳತೆಯ ಆಧಾರ ಬರೆದಿಡಿ. ಮತ್ತೆ ಸಿಎಸ್‌ಆರ್ ಹಣ ಪ್ರಾಜೆಕ್ಟಿಗೆ ಕಟ್ಟಿಕೊಂಡೇ ಬರುತ್ತದೆ, ಅದರಿಂದ ಕಟ್ಟಿಲ್ಲದ ಹಣ ನಿರೀಕ್ಷಿಸಬೇಡಿ. ಅದನ್ನು ಮೇಲಿನ ಪ್ರಶ್ನೆಯ ಉಡುಪಿಯವರಂಥ ಮನೆತನದ ಟ್ರಸ್ಟುಗಳಲ್ಲಿ ಕೇಳಿ. ಕೇಳುವಾಗ ವಸ್ತುಗಳ ಪಟ್ಟಿ ಒಯ್ಯಬೇಡಿ, ಕಳೆದ ವರ್ಷದ ಬ್ಯಾಲೆನ್ಸ್ ಶೀಟ್ ಒಯ್ಯಿರಿ.

ಪ್ರಶ್ನೆ: ಬೇರೆ ಸಂಸ್ಥೆಗಳಿಗೆ ಹಣ ಕೊಡುವ ನಮ್ಮ ಕುಟುಂಬ ಟ್ರಸ್ಟಿಗೆ ದುಬೈಯಲ್ಲಿರುವ ಮಗ, ಅಮೆರಿಕದಲ್ಲಿರುವ ಮಗಳು ಇಬ್ಬರೂ ಹಣ ಕಳಿಸುತ್ತೇವೆ ಅನ್ನುತ್ತಾರೆ. ಪಡೆಯಬಹುದೇ?
(ಓದುಗರು, ಮಂಗಳೂರು)

ಉತ್ತರ: ಯಾವ ದೇಶದಲ್ಲಿದ್ದಾರೆ ಎನ್ನುವುದಕ್ಕಿಂತ ಯಾವ ಪಾಸ್‌ಪೋರ್ಟ್ ಎಂದು ಕೇಳಿ. ಮಗ ಭಾರತದ ಪ್ರಜೆಯಾಗಿದ್ದು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಪಾಸ್‌ಪೋರ್ಟ್ ಪ್ರತಿ ಫೈಲಿನಲ್ಲಿಡಿ. ಮಗಳು ಅಮೆರಿಕದ ಪ್ರಜೆಯಾಗಿದ್ದರೆ, ಒಸಿಐ (ಸಾಗರೋತ್ತರ ಭಾರತೀಯರ) ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆ. ಅದಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು, ಹಣ ಮೊದಲು ಬರಬೇಕಾದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ಅಷ್ಟೆಲ್ಲ ಮಾಡಿದರೂ 2020ರ ತಿದ್ದುಪಡಿಯ ನಂತರ ಆ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ನಿಮ್ಮ ಟ್ರಸ್ಟ್ ಮಾಡುವುದು ದಾಟಿಸುವ ಕೆಲಸವನ್ನೇ ಆದ್ದರಿಂದ, ಎಫ್‌ಸಿಆರ್‌ಎ ಇರುವ ಸಂಸ್ಥೆಗೆ ಮಗಳು ನೇರವಾಗಿ ಕಳಿಸಲಿ. ಅಣ್ಣನ ಖಾತೆಯ ಮೂಲಕ ಸುತ್ತಿಸಿ ತರುವ ಉಪಾಯವನ್ನು ಈಗಾಗಲೇ ಯಾರಾದರೂ ಹೇಳಿಕೊಟ್ಟಿದ್ದರೆ ಮರೆತುಬಿಡಿ.