ಜಿಲೇಬಿ ಮೀನಿನ ವಯಸ್ಸನ್ನು ಗಾತ್ರ ನೋಡಿ ಹೇಳಬಹುದಾ?

ಇಲ್ಲ, ಗಾತ್ರ ನಂಬಿದರೆ ಮೋಸ ಹೋಗುತ್ತೀರಿ. ಕಾವೇರಿಯಲ್ಲಿ ಸಿಗುವ ಜಿಲೇಬಿ, ಅಂದರೆ ಮೊಜಾಂಬಿಕ್ ತಿಲಾಪಿಯಾ, ಆಫ್ರಿಕಾದ ಮೀನು. 1952ರಲ್ಲಿ ಭಾರತಕ್ಕೆ ತಂದರು. ಕಿಕ್ಕಿರಿದ ಕಡೆ, ಮೇವು ಸಾಲದಿದ್ದರೆ, ಇದು ದೊಡ್ಡದಾಗುವ ಮೊದಲೇ ಮೊಟ್ಟೆಯಿಡಲು ಶುರು ಮಾಡುತ್ತದೆ. ಅಂಗೈ ಅಗಲವೂ ಇಲ್ಲದ ಹೆಣ್ಣಿನ ಬಾಯಿ ತೆರೆದರೆ ಒಳಗೆ ಹಳದಿ ಮೊಟ್ಟೆಗಳು! ಹೀಗೆ ಬಾಯಲ್ಲೇ ಕಾಯುವುದರಿಂದ ಮರಿಗಳು ಜಾಸ್ತಿ ಉಳಿಯುತ್ತವೆ. ನಮ್ಮ ನದಿಯ ಮೀನುಗಳಿಗೆ ಕುತ್ತು ಬರುವುದು ಇಲ್ಲೇ.

ವಯಸ್ಸು ತಿಳಿಯಲು ಹುರುಪೆ ಅಥವಾ ಒಳಕಿವಿಯ ಪುಟ್ಟ ಕಲ್ಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಮರದ ಕಾಂಡದಂತೆ ಬಳೆಗಳಿರುತ್ತವೆ. ಬೆಳವಣಿಗೆ ನಿಧಾನವಾದಾಗ ಬಳೆಗಳು ಒತ್ತೊತ್ತಾಗುತ್ತವೆ. ಆದರೆ ಸುಮ್ನೆ ಎಣಿಸಿದರೆ ಆಗಲ್ಲ. ಮೊಟ್ಟೆ ಕಾಯುವ ತಾಯಿ ಮೀನು ಹೆಚ್ಚುಕಡಿಮೆ ಉಪವಾಸ ಇರುತ್ತದಲ್ವಾ, ಆಗಲೂ ಒಂದು ಗುರುತು ಬೀಳಬಹುದು.