ಚೀಲ ಹೊರುವ ಹುಡುಗನಿಗೆ ಎಷ್ಟು ಕೊಟ್ಟಿರಿ?

ಈ ಪತ್ರ ಓದುತ್ತಾ ಓದುತ್ತಾ ನನ್ನ ಕಾಫಿ ಆರಿಹೋಯಿತು. ಮತ್ತೆ ಬಿಸಿ ಮಾಡಿದ ಕಾಫಿ ನನಗಾಗದು. ಆ ಸಿಟ್ಟೂ ಉತ್ತರದಲ್ಲಿ ಸೇರಿಕೊಂಡಿದ್ದರೆ ಸಹಿಸಿಕೊಳ್ಳಿ.

ಬರೆದವರು ಮೈಸೂರಿನ ಎನ್.ಆರ್. ಮೊಹಲ್ಲಾದವರು, ವಯಸ್ಸು 57. ಪಿಯಾನೋ ಟ್ಯೂನ್ ಮಾಡುವುದು ತಂದೆಯಿಂದ ಬಂದ ಕಸುಬು. ಊರಿನ ಒಂದು ಕಲಾ ಟ್ರಸ್ಟ್ ಬಡಮಕ್ಕಳಿಗೆ ಸಂಗೀತ ಕಲಿಸುತ್ತದೆ, ಅಲ್ಲಿ ಯಾರೋ ದಾನ ಕೊಟ್ಟ ಹಳೇ ಪಿಯಾನೋ ಇದೆ. ಖಜಾಂಚಿ ಇವರ ಹೆಂಡತಿಯ ತಮ್ಮ. ವಾರ್ಷಿಕೋತ್ಸವದ ದಿನ ಆತ ಮೈಕ್ ಹಿಡಿದು, 'ಇನ್ನು ಮುಂದೆ ನಮ್ಮ ಭಾವ ಉಚಿತವಾಗಿ ಮಾಡಿಕೊಡ್ತಾರೆ' ಎಂದು ಸಾರಿ ಶಾಲು ಹೊದಿಸಿಬಿಟ್ಟ. ಜೂನ್‌ನಿಂದ ಐದು ಸಲ ಕರೆ ಬಂದಿದೆ. ದುಡಿಯುವ ದಿನಗಳು ಹೋಗುತ್ತಿವೆ, ತಮ್ಮನ ಮೇಲೆ ತೀರಿಸಬೇಕಾದ ಸಿಟ್ಟನ್ನು ಹೆಂಡತಿ ಇವರ ಮೇಲೆ ತೀರಿಸುತ್ತಿದ್ದಾರೆ. 'ನಿಲ್ಲಿಸಿದರೆ ಮಕ್ಕಳಿಗೆ ಮೋಸ ಮಾಡಿದಂತಾಗುವುದಿಲ್ಲವೇ?' ಎಂಬುದು ಪ್ರಶ್ನೆ.

ಸ್ವಾಮಿ, ಮಕ್ಕಳ ವಿಷಯ ಆಮೇಲೆ. ಪತ್ರದ ಮೂರನೇ ಪುಟದಲ್ಲಿ ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ: 'ಹಲಗೆ ಬಿಚ್ಚಲು, ಚೀಲ ಹೊರಲು ನಮ್ಮ ಹುಡುಗ ಹೇಗೂ ಬರುತ್ತಾನೆ.' ನಾನು ಆ 'ಹೇಗೂ' ಹತ್ತಿರವೇ ನಿಂತುಬಿಟ್ಟೆ.

ನೀವೇ ಬರೆದ ಪ್ರಕಾರ, ಕೆಳಗಿನ ಹಲಗೆ ತೆಗೆದು ಇಲಿ ಕಡಿದು ಗುಡ್ಡೆ ಹಾಕಿದ ಫೆಲ್ಟನ್ನು, ಅಂದರೆ ಒಳಗಿನ ದಪ್ಪ ಉಣ್ಣೆ ಬಟ್ಟೆಯನ್ನು, ಬಾಚಿ ಹಾಕಿದವನು ಅವನು. ಪಿಯಾನೋದ ಮೇಲಿನ ಸ್ವರಗಳಿಗೆ ಒಂದೊಂದಕ್ಕೂ ಮೂರು ತಂತಿ. ಬೆಣೆ ಸಿಕ್ಕಿಸಿ ಎರಡರ ಬಾಯಿ ಮುಚ್ಚಿಸಿ ಒಂದನ್ನು ಬಿಗಿ ಮಾಡಬೇಕು, ಆಮೇಲೆ ಉಳಿದವನ್ನು ಅದಕ್ಕೆ ಕೂಡಿಸಬೇಕು. 88 ಸ್ವರ, ಸುಮಾರು 230 ತಂತಿ. ನೀವು ಕಣ್ಣುಮುಚ್ಚಿ ಕೇಳುತ್ತಾ ಹೋದಂತೆ, ಯಾವ ತಂತಿಗೆ ಯಾವ ಬೆಣೆ ಅಂತ ನೋಡಿ ನೋಡಿ ಕೊಡುವವನೂ ಅವನೇ. ನಿಮ್ಮ ದಿನ ನಿಮ್ಮದು, ಯಾರಿಗೆ ಬೇಕಾದರೂ ದಾನ ಕೊಡಿ. ಅವನ ದಿನವನ್ನು ದಾನ ಕೊಡಲು ನೀವು ಯಾರು? ಐದು ದಿನದ ಕೂಲಿ ಕೊಟ್ಟಿರೋ ಇಲ್ಲವೋ ಅಂತ ನೀವು ಬರೆದಿಲ್ಲ. ಕೊಟ್ಟಿದ್ದರೆ ಬರೆಯುತ್ತಿದ್ದಿರಿ.

ನಮ್ಮ ಅಜ್ಜಿಯ ವೀಣೆಗೆ ಮೇಳ ಕಟ್ಟಲು, ಅಂದರೆ ಸ್ವರದ ಮೆಟ್ಟಿಲುಗಳನ್ನು ಕೂರಿಸಲು, ಒಬ್ಬರು ಬರುತ್ತಿದ್ದರು. ಜಗಲಿಯ ಮೇಲೆ ಕೂತು ಮೇಣಕ್ಕೆ ಇದ್ದಿಲ ಪುಡಿ ಬೆರೆಸಿ ಬೆರಳಿನಿಂದ ಮೆಟ್ಟಿಲು ಕೂರಿಸುವಷ್ಟರಲ್ಲಿ ಮಧ್ಯಾಹ್ನ. ಅಜ್ಜಿ ಎಲೆ ಹಾಕಿ ಊಟ ಬಡಿಸುತ್ತಿದ್ದರು. ಊಟ ಹಾಕಿದ್ದೀನಿ ಅಂತ ಕೂಲಿ ಹಿಡಿದದ್ದು ಮಾತ್ರ ನಾನು ಕಾಣೆ, ಜೊತೆಗೆ ಬಂದ ಹುಡುಗನ ಕೈಗೂ ಬೇರೆಯಾಗಿ ಕೊಡುತ್ತಿದ್ದರು. ಹಳೇ ಓದುಗರಿಗೆ ಗೊತ್ತು, ಶಾಲು ಕಂಡರೆ ನನಗೆ ಆಗುವುದಿಲ್ಲ. ಶಾಲು ಹೊದಿಸಿದ ಕಡೆ ಕೂಲಿ ಮರೆತಿರುತ್ತಾರೆ.

'ಮಹಾರಾಜರ ಊರು, ಇಲ್ಲಿ ಕಲೆಗೆ ದುಡ್ಡು ಕೇಳ್ತಾರಾ ಭಾವ?' ಅಂದನಂತೆ ನಿಮ್ಮ ಭಾವಮೈದುನ. ಜಯಚಾಮರಾಜ ಒಡೆಯರು ಸ್ವತಃ ಪಿಯಾನೋ ಕಲಿತವರು. 1940ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿದ್ದ ರಷ್ಯನ್ ಸಂಗೀತಗಾರ ಮೆಡ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಕೈಯಿಂದ ಹಣ ಕೊಟ್ಟವರು. ಮೆಡ್ನರ್ ತಮ್ಮ ಮೂರನೇ ಪಿಯಾನೋ ಕನ್ಚರ್ಟೊವನ್ನು, ಅಂದರೆ ವಾದ್ಯವೃಂದದ ಜೊತೆ ಪಿಯಾನೋ ನುಡಿಸುವ ದೊಡ್ಡ ಕೃತಿಯನ್ನು, ಅರಸರಿಗೇ ಅರ್ಪಿಸಿದರು. ಮಹಾರಾಜರ ಹೆಸರು ಎತ್ತುವವನಿಗೆ ಅವರು ದುಡ್ಡು ಬಿಚ್ಚಿದ್ದೂ ನೆನಪಿರಬೇಕು. ತೆರಿಗೆ ರಿಯಾಯಿತಿ ಸಿಗುತ್ತದೆ ಅಂತ ಬೇರೆ ಆಸೆ ತೋರಿಸಿದ್ದಾನಲ್ಲ, ಅದೂ ಬುರುಡೆ. ರಿಯಾಯಿತಿ ದುಡ್ಡಿನ ದೇಣಿಗೆಗೆ, ದುಡಿಮೆಗಲ್ಲ.

ಇನ್ನು ಮೂರು ತಿಂಗಳಲ್ಲಿ ಐದು ಸಲ ಯಾಕೆ? ಸಾಮಾನ್ಯವಾಗಿ ವರ್ಷಕ್ಕೆರಡು ಸಲ ಸಾಕು. ಏಪ್ರಿಲ್‌ನ ಒಣಹವೆಯಿಂದ ಜುಲೈನ ಜಡಿಮಳೆಗೆ ಬಂದಾಗ ತಂತಿಗಳ ಹಿಂದಿನ ಮರದ ಹಲಗೆ ತೇವ ಹೀರಿ ಉಬ್ಬುತ್ತದೆ, ಶ್ರುತಿ ಏರುತ್ತದೆ. ಅದು ಯಾರ ತಪ್ಪೂ ಅಲ್ಲ. ಆದರೆ ಪ್ರತಿ ಸಮಾರಂಭಕ್ಕೂ ನಾಲ್ಕು ಜನ ಅದನ್ನು ವೇದಿಕೆಗೆ ಎಳೆದು, ಮುಗಿದ ಮೇಲೆ ಇರಚಲು ಹೊಡೆಯುವ ಕಿಟಕಿ ಪಕ್ಕ ನೂಕುತ್ತಾರೆ ಅಂತ ನೀವೇ ಬರೆದಿದ್ದೀರಿ. ಶಾಮಿಯಾನದವನಿಗೆ ಬಾಡಿಗೆ ಇದೆ, ಮೈಕ್‌ನವನಿಗೆ ಬಾಡಿಗೆ ಇದೆ. ಪುಕ್ಕಟೆ ಸರಿಯಾಗುವುದು ಪಿಯಾನೋ ಒಂದೇ. ಅದನ್ನು ಯಾರು ಜೋಪಾನ ಮಾಡುತ್ತಾರೆ?

ಆದ್ದರಿಂದ ಕೆಲಸ ನಿಲ್ಲಿಸಬೇಡಿ. ಆರನೇ ಕರೆ ಬಂದಾಗ ಒಂದೇ ಮಾತು: 'ಹುಡುಗನ ದಿನದ ಕೂಲಿ ಟ್ರಸ್ಟ್ ಕೊಡಬೇಕು. ಅವನ ಕೈಗೆ ಬಂದ ಮೇಲೆ ಚೀಲ ಬಿಚ್ಚುತ್ತೇನೆ.' ನಿಮ್ಮ ಕೂಲಿ ಬೇಡ ಅನ್ನಿಸಿದರೆ ಬಿಡಿ, ಅದು ನಿಮ್ಮ ಮನೆ ಜಗಳ. ಹಳೇ ಐದು ದಿನದ ಬಾಕಿ ಮಾತ್ರ ನಿಮ್ಮ ಜೇಬಿನಿಂದ, ಈ ಭಾನುವಾರದೊಳಗೆ.

ನೀವು ಶ್ರುತಿ ಕೇಳುತ್ತಿರುವಾಗ ಭಾವಮೈದುನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಫೋನಿನಲ್ಲಿ ಜೋರಾಗಿ ಮಾತಾಡುತ್ತಾನೆ ಎಂದೂ ದೂರಿದ್ದೀರಿ. ಕೂಲಿ ಕೊಡಲು ಹಣವಿಲ್ಲ ಅಂದರೆ ಅಂದು ಹುಡುಗನನ್ನು ಕರೆದುಕೊಂಡು ಹೋಗಬೇಡಿ. ಹಲಗೆ ಬಿಚ್ಚಿ ಇಲಿಯ ಗೂಡು ಬಾಚಲು ಭಾವಮೈದುನನಿಗೇ ಹೇಳಿ.